‘ಬಲಕ್ಕ’ ಎಂದ ಕಾಕಾ

ಕಾಕಾರ ಎರಡೂ ಹೆಬ್ಬೆರಳುಗಳ ಉಗುರಿನ ಸಂದಿಯಲ್ಲಿ ಅರಿಸಿನ ಕೂತುಬಿಟ್ಟಿತ್ತು. ಸಾಬೂನು ಹಚ್ಚಿ ತಿಕ್ಕಿದರೂ ಹೋಗದ ಹಳದಿ. ಸಾಂಗ್ಲಿ ಪೇಟೆಯಲ್ಲಿ ಅಜ್ಜನ ಕಾಲದಿಂದ ಅರಿಸಿನದ ವ್ಯಾಪಾರ ಮಾಡಿಕೊಂಡು ಬಂದ ಮನೆತನ ಅವರದು. ಆ ಹಳದಿ ಹೆಬ್ಬೆರಳುಗಳನ್ನು ರಿಮೋಟಿನ ಎರಡು ಕಡ್ಡಿಗಳ ಮೇಲಿಟ್ಟು, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಬಾಯಿ ಅರ್ಧ ತೆರೆದು ಆಕಾಶ ನೋಡುತ್ತ ನಿಂತರೆಂದರೆ ಅವರಿಗೆ ಅಂಗಡಿ, ಮನೆ, ಬಿಸಿಲು ಯಾವುದರ ಪರಿವೆಯೂ ಇರುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದರೂ ಒರೆಸಿಕೊಳ್ಳುತ್ತಿರಲಿಲ್ಲ.

ಅವರು ನನಗೆ ರಕ್ತಸಂಬಂಧಿಯಲ್ಲ. ಮಿರಜಿನಲ್ಲಿ ನನ್ನದೊಂದು ನಾಮಫಲಕದ ಅಂಗಡಿ ಇದೆ, ಅಪ್ಪನಿಂದ ಬಂದದ್ದು. ತಮ್ಮ ದುಕಾನಿಗೆ ಹೊಸ ಬೋರ್ಡು ಮಾಡಿಸಲು ಒಂದು ದಿನ ಬಂದವರು, ಮೂಲೆಯಲ್ಲಿ ಒರಗಿಸಿಟ್ಟಿದ್ದ ಫೋಮ್ ಬೋರ್ಡಿನ ತುಂಡೊಂದನ್ನು ಎತ್ತಿ ಬೆರಳ ತುದಿಯ ಮೇಲೆ ನಿಲ್ಲಿಸಿ ನೋಡತೊಡಗಿದರು. ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದೆ. ಫೋನು ಇಟ್ಟೊಡನೆ, ಅಲ್ಲಿಯವರೆಗೆ ಮರಾಠಿಯಲ್ಲಿ ಮಾತಾಡುತ್ತಿದ್ದ ಮನುಷ್ಯ, "ಕನ್ನಡದಾಕಿ ಏನವ್ವ ನೀ? ಮೊದಲ ಹೇಳಬಾರದ?" ಎಂದು ಕುರ್ಚಿ ಎಳೆದುಕೊಂಡು ಕೂತರು. ಬೋರ್ಡಿನ ಮಾತು ಅಲ್ಲಿಗೇ ನಿಂತಿತು. "ಈ ತುಂಡ ಚೆಲ್ಲಬ್ಯಾಡ. ಇದು ಹಾರತೈತಿ" ಅಂದರು.

ಹಾರುತ್ತದೆ ಎಂದರೆ ನಿಜವಾಗಿಯೂ ಹಾರುತ್ತಿತ್ತು. ಫೋಮ್ ಬೋರ್ಡನ್ನು ಕತ್ತರಿಸಿ, ಮಡಚಿ, ಬಿಸಿ ಅಂಟಿನಿಂದ ಕೂಡಿಸಿ ಮೊಳದುದ್ದದ ರೆಕ್ಕೆ ಮಾಡುವುದು. ಅದಕ್ಕೊಂದು ಪುಟ್ಟ ಮೋಟಾರು, ಪಂಖ, ಬ್ಯಾಟರಿ. ಹಿಂದೆ ಉದ್ದಕ್ಕೆ ಕ್ರೇಪ್ ಕಾಗದದ ಬಾಲ. ಇಂಥ ಎರಡು ವಿಮಾನಗಳನ್ನು ಒಟ್ಟಿಗೆ ಮೇಲೆ ಬಿಟ್ಟು, ಒಂದರ ಪಂಖದಿಂದ ಇನ್ನೊಂದರ ಬಾಲ ಕತ್ತರಿಸಬೇಕು. ಬಾಲ ಕಳೆದುಕೊಂಡವನೋ, ನೆಲಕ್ಕೆ ಬಿದ್ದವನೋ ಸೋತ. ಬುಧಗಾಂವದ ಹತ್ತಿರ ಕಬ್ಬು ಕಡಿದು ಖಾಲಿಯಾದ ಹೊಲಗಳಲ್ಲಿ ರವಿವಾರ ಬೆಳಿಗ್ಗೆ ಈ ಕಾಳಗ ನಡೆಯುತ್ತಿತ್ತು. ಅಲ್ಲಿ ಸೇರುವವರು ಡಾಕ್ಟರು, ಗ್ಯಾರೇಜಿನವರು, ಬೆಲ್ಲದ ದಲಾಲರು. ಎಲ್ಲರೂ ಗಂಡಸರು. ಗೆದ್ದವನು ಸೋತವನ ವಿಮಾನವನ್ನು ತಾನೇ ಹೋಗಿ ಎತ್ತಿ ತಂದು, ಎರಡೂ ಕೈಯಿಂದ ಕೊಡಬೇಕು ಎಂಬ ನಿಯಮ ಮಾಡಿದವರು ಕಾಕಾ. "ಕೆಡವಿದ ಕೈನ ಎತ್ತಬೇಕು" ಅನ್ನುತ್ತಿದ್ದರು. ಆ ಮಾತು ಕೇಳಿಯೇ ನಾನು ಅವರಿಗೆ ಮರುಳಾದದ್ದು.

ನಮ್ಮ ಜೋಡಿ ಹೇಗೆಂದರೆ, ನಾನು ಕಟ್ಟುವವಳು, ಅವರು ಹಾರಿಸುವವರು. ನನ್ನ ಕೈಯಲ್ಲಿ ಬ್ಲೇಡು ನೆಟ್ಟಗೆ ಓಡುತ್ತದೆ, ಹೊಟ್ಟೆಪಾಡೇ ಅದು. ಅವರಿಗೋ ಅಂಟಿನ ಗನ್ನು ಹಿಡಿದರೆ ಅರ್ಧ ಅಂಟು ಧೋತರಕ್ಕೆ. ನಾನು ಕಟ್ಟಿಟ್ಟ ವಿಮಾನವನ್ನು ಅರಿಸಿನದ ಖಾಲಿ ಚೀಲದಲ್ಲಿ ಹಾಕಿ, ಸ್ಕೂಟರಿನ ಮುಂದೆ ಕಾಲ ನಡುವೆ ನಿಲ್ಲಿಸಿಕೊಂಡು ಒಯ್ಯುತ್ತಿದ್ದರು. ಹಾರಿಸುವ ಮೊದಲು ಅದರ ಮೂಗನ್ನು ಎದೆಯ ಮೇಲಿನ ಬೆಳ್ಳಿ ಕರಡಿಗೆಗೆ ಮುಟ್ಟಿಸಿ, ಕಣ್ಣುಮುಚ್ಚಿ ಏನೋ ಅಂದುಕೊಳ್ಳುತ್ತಿದ್ದರು. ಇಷ್ಟಲಿಂಗಕ್ಕೆ ಜಗಳದ ವಿಮಾನ ತೋರಿಸುತ್ತೀರಲ್ಲ ಎಂದು ಚುಚ್ಚಿದರೆ, "ಜಗಳ ಅಲ್ಲವ್ವ, ಆಟ. ದೇವರಿಗೂ ಒಂದೀಟ ಆಟ ಬೇಕು" ಎಂಬ ಉತ್ತರ.

ಮೈದಾನದಲ್ಲಿ ಎಲ್ಲರದೂ ಮರಾಠಿ. ನಾವಿಬ್ಬರು ಮಾತ್ರ ಕನ್ನಡ. ಇದರಿಂದ ನಮಗೆ ದೊಡ್ಡ ಅನುಕೂಲವಿತ್ತು. ಹಾರಿಸುವವನಿಗೆ ತನ್ನ ವಿಮಾನದಿಂದ ಕಣ್ಣು ಕೀಳಲಾಗುವುದಿಲ್ಲ. ಎದುರಾಳಿ ಎಲ್ಲಿದ್ದಾನೆಂದು ಬೆನ್ನ ಹಿಂದೆ ನಿಂತವರು ಕೂಗಿ ಹೇಳಬೇಕು. ಕಾಕಾ ಹಾರಿಸುವಾಗ ನಾನು ಹಿಂದೆ ನಿಂತು, "ಎಡಕ್ಕ ಬರ್ರಿ, ಮ್ಯಾಲ ಎತ್ತರಿ, ಬೆನ್ನಿಗೆ ಬಂದಾನ" ಎಂದು ಕೂಗುತ್ತಿದ್ದೆ. ಉಳಿದವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೆ ಗೆದ್ದೆವು.

ಆದರೆ ರಿಮೋಟು ಮಾತ್ರ ನನ್ನ ಕೈಗೆ ಬಂದಿರಲಿಲ್ಲ. ಅಭ್ಯಾಸಕ್ಕೆ ಕೊಡುತ್ತಿದ್ದರು, ಕಲಿಸುತ್ತಿದ್ದರು. "ಕಡ್ಡಿನ ರೊಟ್ಟಿ ಬಡದಂಗ ಬಡೀಬ್ಯಾಡ, ಹೋಳಿಗಿ ಲಟ್ಟಿಸಿದಂಗ ಹಗೂರಕ" ಎಂದು ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ತೋರಿಸುತ್ತಿದ್ದರು. ಕಾಳಗದ ದಿನ ಬಂದರೆ ಮಾತ್ರ ನಾನು ಹಿಂದೆ ನಿಲ್ಲುವವಳೇ. ಗುಂಪಿನವರು ನನ್ನನ್ನು ‘ಬೋರ್ಡವಾಲಿ ತಾಈ’ ಎಂದು ಕರೆಯುತ್ತಿದ್ದರು, ಬೋರ್ಡು ಕತ್ತರಿಸುವ ಅಕ್ಕ. ಪ್ರೀತಿಯಿಂದಲೇ ಕರೆಯುತ್ತಿದ್ದರೆನ್ನಿ. ಆದರೆ ನನಗೆ ಹಾರಿಸುವವಳು ಅನ್ನಿಸಿಕೊಳ್ಳಬೇಕಿತ್ತು. ಬೇರೆ ಯಾರ ಬಾಯಿಂದಲೂ ಅಲ್ಲ, ಕಾಕಾರ ಬಾಯಿಂದ.

ಆ ವರ್ಷ ಕಬ್ಬಿನ ಹಂಗಾಮು ಮುಗಿದ ಮೇಲೆ ಹೊರಗಿನ ಊರುಗಳವರನ್ನೂ ಕರೆದು ದೊಡ್ಡ ಪಂದ್ಯ ಇಟ್ಟಿದ್ದರು. ನಮ್ಮ ವಿಮಾನ ಹಳೆಯದು. ಅದರ ಬಲರೆಕ್ಕೆ ಒಮ್ಮೆ ಮುರಿದು ನಾನು ಅಂಟಿಸಿದ್ದೆ. ಅಂಟಿನ ಭಾರಕ್ಕೆ ಅದು ಒಂದು ಹಟ ಕಲಿತಿತ್ತು. ಎಡಕ್ಕೆ ಎಷ್ಟು ಬಿಗಿಯಾಗಿ ತಿರುಗಿಸಿದರೂ ತಿರುಗುತ್ತಿತ್ತು, ಬಲಕ್ಕೆ ಬಿಗಿಯಾಗಿ ಎಳೆದರೆ ಮಾತ್ರ ರೆಕ್ಕೆ ಕುಸಿದು ಪಲ್ಟಿ ಹೊಡೆದು ನೆಲಕ್ಕೆ. ಇದು ಗೊತ್ತಿದ್ದವರು ಇಡೀ ಲೋಕದಲ್ಲಿ ನಾವಿಬ್ಬರೇ. ಹೊಸದು ಕಟ್ಟುತ್ತೇನೆಂದರೆ ಕಾಕಾ ಒಪ್ಪಲಿಲ್ಲ. "ಗುಣ ಗೊತ್ತಿದ್ದ ವಿಮಾನ ಚಲೋ" ಅಂದರು.

ಕೊನೆಯ ಸುತ್ತಿಗೆ ಉಳಿದವರು ನಾವು, ಮತ್ತು ಸಲಗರೆಯಿಂದ ಬಂದಿದ್ದ ಒಬ್ಬ ದ್ರಾಕ್ಷಿ ತೋಟದ ಯಜಮಾನರು. ಬಿಳಿ ಮೀಸೆ, ಕಪ್ಪು ಕನ್ನಡಕ, ಜೊತೆಗೆ ಜೀಪು ತುಂಬ ನೆಂಟರು. ಅವರ ಜೊತೆ ಕಾಕಾ ಬೆಳಿಗ್ಗೆಯಿಂದ ತುಸು ಹೆಚ್ಚೇ ನಮ್ರವಾಗಿ ಮಾತಾಡುತ್ತಿದ್ದುದನ್ನು ನೋಡಿದ್ದೆ. ವ್ಯಾಪಾರದ ಗುರುತಿರಬೇಕು ಅಂದುಕೊಂಡೆ.

ಇನ್ನೇನು ವಿಮಾನ ಬಿಡಬೇಕು, ಕಾಕಾ ರಿಮೋಟನ್ನು ನನ್ನ ಕೈಯಲ್ಲಿಟ್ಟರು.

"ಈ ಸರ್ತಿ ನೀ ಹಾರಸವ್ವ."

"ಕೊನೀ ಸುತ್ತು ಐತ್ರಿ ಕಾಕಾ."

"ಅದಕ್ಕ ಹೇಳಾಕತ್ತೇನಿ. ನಾ ಹಿಂದ ನಿಲ್ತೇನಿ."

ನನ್ನ ಕಣ್ಣು ಮಂಜಾದವು. ಸುಳ್ಳೇಕೆ ಹೇಳಲಿ, ನನ್ನ ಮದುವೆಯ ದಿನ ಕೂಡ ಅಷ್ಟು ಸಂತೋಷವಾಗಿರಲಿಲ್ಲ. ಇವತ್ತು ತಾಈ ಹಾರಿಸುತ್ತಾಳೇನು ಎಂದು ಯಾರೋ ಮರಾಠಿಯಲ್ಲಿ ನಕ್ಕದ್ದು ಕೇಳಿಸಿತು. ನಗಲಿ ಅಂದುಕೊಂಡೆ.

ವಿಮಾನ ಏರಿತು. ಯಜಮಾನರದು ಒಳ್ಳೆಯ ಕೈ, ಆದರೆ ಆತುರದ ಕೈ. ನಾನು ಎಡಕ್ಕೆ ಎಡಕ್ಕೆ ಸುತ್ತುತ್ತ ಅವರನ್ನು ಆಡಿಸಿದೆ. ಕಾಕಾ ಹಿಂದೆ ನಿಂತು ಸುಮ್ಮನೇ ಇದ್ದರು. ನಾನು ಕೂಗುತ್ತಿದ್ದಂತೆ ಅವರು ಕೂಗುತ್ತಿಲ್ಲವಲ್ಲ ಎಂದು ಒಮ್ಮೆ ಅನಿಸಿತು. ಅಷ್ಟರಲ್ಲಿ ಯಜಮಾನರ ವಿಮಾನದ ಬಾಲ ನನ್ನ ಮುಂದೆಯೇ ಬಂತು. ಇನ್ನೊಂದು ಎಡ ತಿರುವು, ಕತ್ತರಿಸಿಯೇ ಬಿಡುತ್ತಿದ್ದೆ. ಆಗ ಬೆನ್ನ ಹಿಂದಿನಿಂದ ಕಾಕಾರ ದನಿ ಗಟ್ಟಿಯಾಗಿ ಬಂತು.

"ಬಲಕ್ಕ. ಬಲಕ್ಕ ಎಳಿ."

ಎಳೆದೆ. ಯೋಚಿಸಲಿಲ್ಲ. ಹಾರಿಸುವವಳು ಯೋಚಿಸಬಾರದು, ಹಿಂದಿನ ದನಿಯನ್ನು ನಂಬಬೇಕು ಎಂದು ಅವರೇ ಕಲಿಸಿದ್ದರು. ರೆಕ್ಕೆ ಕುಸಿಯಿತು, ವಿಮಾನ ಪಲ್ಟಿ ಹೊಡೆದು ಕಬ್ಬಿನ ಕೂಳೆಗಳ ಮೇಲೆ ಬಿದ್ದು ನುಚ್ಚುನೂರಾಯಿತು.

ಸಲಗರೆಯ ಯಜಮಾನರು ನಿಯಮದಂತೆ ಹೋಗಿ ಚೂರುಗಳನ್ನು ಆರಿಸಿ ತಂದು ನನ್ನ ಕೈಗೆ ಕೊಟ್ಟರು. ಕಾಕಾರ ಮುಖ ಬಿಳಿಚಿತ್ತು. ಪಾಪ, ಗಡಿಬಿಡಿಯಲ್ಲಿ ಬಾಯಿ ತಪ್ಪಿ ಬಂದ ಮಾತಿಗೆ ಎಷ್ಟು ನೊಂದುಕೊಂಡಿದ್ದಾರಲ್ಲ ಎಂದು ನನಗೆ ಕರುಳು ಚುರುಕ್ ಎಂದಿತು. "ಇರ್ಲಿ ಬಿಡ್ರಿ ಕಾಕಾ, ಬಾಯಿ ತಪ್ಪತೈತಿ. ಹೊಸಾದು ಕಟ್ಟೂಣು" ಎಂದು ಅವರ ಬೆನ್ನು ಸವರಿದೆ. ಅವರು ಹೂಂ ಎಂದರು. ಚಹಾ ತರಿಸಿ ಬಶಿಗೆ ಹೊಯ್ದು ಕೊಟ್ಟೆ, ಕುಡಿದರು. ನನ್ನ ಸಮಾಧಾನವನ್ನು ಪೂರಾ ತೆಗೆದುಕೊಂಡರು.

ಆಮೇಲೆ ಕೆಲವು ದಿನಗಳಲ್ಲಿ ಅವರ ಮಗಳ ಸಾಖರಪುಡಾಕ್ಕೆ, ಅಂದರೆ ನಿಶ್ಚಿತಾರ್ಥಕ್ಕೆ, ಕರೆ ಬಂತು. ಆ ಹುಡುಗಿಗೆ ಮೊದಲು ಎರಡು ಸಂಬಂಧಗಳು ನಿಶ್ಚಯದ ಹಂತಕ್ಕೆ ಬಂದು ಮುರಿದಿದ್ದವು, ಕಾಕಾ ಆ ಚಿಂತೆಯಲ್ಲೇ ಇಳಿದುಹೋಗಿದ್ದರು. ಹಾಗಾಗಿ ಖುಷಿಯಿಂದ ಸೀರೆ ಉಟ್ಟು ಹೋದೆ. ಮಂಟಪದಲ್ಲಿ ಕೇಸರಿ ಪೇಟ ಸುತ್ತಿಕೊಂಡು ಬೀಗರ ಜಾಗದಲ್ಲಿ ಕೂತಿದ್ದವರು ಸಲಗರೆಯ ಯಜಮಾನರು.

ನನ್ನನ್ನು ನೋಡಿದೊಡನೆ ಗುರುತು ಹಿಡಿದು, "ಬರ್ರಿ ಬರ್ರಿ, ಇವರ ವಿಮಾನನ ನಾ ಕೆಡವಿದ್ದು" ಎಂದು ಸುತ್ತಲಿನವರಿಗೆ ಕನ್ನಡದಲ್ಲೇ ಹೇಳಿದರು. ಅವರಿಗೆ ಕನ್ನಡ ಬರುತ್ತಿತ್ತು. ಕಾಕಾ ಪಕ್ಕದಲ್ಲೇ ನಿಂತು, "ನಮ್ಮ ಬೀಗರ ಕೈ ಅಂದ್ರ ಕೈ ಬಿಡ್ರಿ" ಎಂದು ನಕ್ಕರು. ಆ ನಗು ನೋಡಿದ್ದೇ ನನಗೆ ಎಲ್ಲ ಹೊಳೆಯಿತು. ನಂಬಿದ ಎಮ್ಮೆ ಕೋಣ ಈಯಿತು ಎಂದು ಅವ್ವ ಅನ್ನುತ್ತಾಳಲ್ಲ, ಹಾಗೆ.

ಮಂಟಪದ ಹಿತ್ತಿಲಿನಲ್ಲಿ ಕಾಕಾ ಒಬ್ಬರೇ ಸಿಕ್ಕಾಗ ಕೇಳಿದೆ.

"ಕಾಕಾ, ಅವತ್ತ ಬಾಯಿ ತಪ್ಪಿ ಅಂದದ್ದಲ್ಲ. ಹೌದಿಲ್ರಿ?"

ಅವರು ಪೇಢೆಯ ತಾಟನ್ನು ಕಟ್ಟೆಯ ಮೇಲಿಟ್ಟರು. "ಅಲ್ಲವ್ವ. ತಿಳದ ಅಂದೆ."

"ಮತ್ತ ರಿಮೋಟ್ ಕೊಟ್ಟದ್ದು?"

"ಹೆಣ್ಣ ಕೊಡಾವ್ರು ನಾವು, ತಗ್ಗಿ ನಡೀಬೇಕು. ಮಾತುಕತಿ ನಡದಾಗ ಮಂದೀ ಮುಂದ ಬೀಗರನ್ನ ಸೋಲಿಸಿದ್ರ ಹ್ಯಾಂಗ? ನಾನ ಸೋತ್ರ ಬೇಕಂತ ಸೋತ ಅಂತ ಅವರಿಗೆ ತಿಳೀತಿತ್ತು. ನೀ ಹೊಸಾಕಿ. ತಾನ ಸೋಲ್ತಿ ಅನ್ಕೊಂಡೆ." ತಾಟನ್ನು ಒಂದಿಷ್ಟು ಸರಿಸಿ ಅಂದರು, "ನೀ ನೋಡಿದ್ರ ಗೆಲ್ಲಾಕ ಹತ್ತಿದಿ."

ಆ ಕೊನೆಯ ಮಾತಿನಲ್ಲಿ ಹೆಮ್ಮೆಯೂ ಇತ್ತು. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ನಾನು ಕಾದು ಕಾದು ಪಡೆದ ರಿಮೋಟು, ನಾನು ಸೋಲುತ್ತೇನೆಂಬ ಭರವಸೆಯ ಮೇಲೆ ಕೊಟ್ಟದ್ದು.

"ನನಗ ಒಂದ ಮಾತ ಹೇಳಬೇಕಿತ್ರಿ. ನಾನ ಸೋಲ್ತಿದ್ದೆ. ಬಾಲ ಮುಂದ ಹಿಡದು ಸೋಲ್ತಿದ್ದೆ. ನಿಮ್ಮ ಮಗಳ ಸಲುವಾಗಿ ಅಷ್ಟ ಮಾಡತಿದ್ದಿಲ್ಲೇನು ನಾ?"

ಕಾಕಾ ನಿಜವಾಗಿಯೂ ಆಶ್ಚರ್ಯಪಟ್ಟರು. "ಮನೀ ಮಂದಿಗೆ ಏನ ಕೇಳೂದವ್ವ?" ಅಂದರು.

ಆ ಮಾತನ್ನು ನಾನು ಬಹಳ ದಿನ ಅಗಿದಿದ್ದೇನೆ. ಅವರು ಸುಳ್ಳು ಹೇಳಲಿಲ್ಲ. ನನ್ನನ್ನು ಮನೆಯವಳೆಂದೇ ತಿಳಿದಿದ್ದರು. ಅದಕ್ಕೇ ನನ್ನನ್ನು ಖರ್ಚು ಮಾಡಬಹುದೆಂದುಕೊಂಡರು. ಹೊರಗಿನವರಿಗೆ ಮಾನ, ಮನೆಯ ಹೆಣ್ಣುಮಕ್ಕಳಿಗೆ ಸಮಜಾಯಿಷಿ. ಅದೂ ಕೇಳಿದರೆ ಮಾತ್ರ. ನನ್ನ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಊಟ ಮಾಡದೆ ಹೊರಟುಬಂದೆ. ಆಮೇಲೆ ಅವರು ಅಂಗಡಿಗೆ ಬಂದರೆ ಕೂರಿಸುತ್ತಿದ್ದೆ, ಚಹಾ ಕೊಡುತ್ತಿದ್ದೆ. ಕೆಲಸದ ಮಾತಾಡುತ್ತಿದ್ದೆ, ಅದೂ ಮರಾಠಿಯಲ್ಲಿ. ಒಂದೆರಡು ಸಲ ಬಂದು, ಅರ್ಥಮಾಡಿಕೊಂಡು, ಬರುವುದನ್ನು ಬಿಟ್ಟರು.

ಮೈದಾನವನ್ನು ಮಾತ್ರ ನಾನು ಬಿಡಲಿಲ್ಲ. ಹೊಸ ವಿಮಾನ ಕಟ್ಟಿದೆ, ಎರಡೂ ರೆಕ್ಕೆ ತೂಗಿ ಸರಿಗಟ್ಟಿ. ಬಲಕ್ಕೂ ಎಡಕ್ಕೂ ಬೆಣ್ಣೆಯಂತೆ ತಿರುಗುತ್ತಿತ್ತು. ಆದರೆ ಇಡೀ ಹಂಗಾಮು ನಾನು ಎಲ್ಲರ ಮುಂದೆ ಎಡಕ್ಕೆ ಮಾತ್ರ ತಿರುಗಿಸಿದೆ. ತಾಈಯ ವಿಮಾನಕ್ಕೆ ಬಲಕ್ಕೆ ಹೊರಳಲು ಬರುವುದಿಲ್ಲ ಎಂದು ಗುಂಪೆಲ್ಲ ನಂಬಿತು. ಮರುವರ್ಷದ ಪಂದ್ಯದಲ್ಲಿ ಸಲಗರೆಯ ಯಜಮಾನರು ಅದೇ ನಂಬಿಕೆಯಲ್ಲಿ ನನ್ನ ಬಲಗಡೆ ನಿಶ್ಚಿಂತರಾಗಿ ಹಾರಿಸಿಕೊಂಡಿದ್ದರು. ಹಿಂದೆ ಕೂಗುವವರು ಯಾರೂ ಇರಲಿಲ್ಲ. ಬಲಕ್ಕೆ ಎಳೆದೆ, ಬಾಲ ಕತ್ತರಿಸಿದೆ. ಅವರ ವಿಮಾನ ಇಳಿದ ಜಾಗಕ್ಕೆ ನಾನೇ ಹೋಗಿ, ಎತ್ತಿ ತಂದು ಎರಡೂ ಕೈಯಿಂದ ಕೊಟ್ಟೆ. ಅವರು ಜೋರಾಗಿ ನಕ್ಕು ನನಗೆ ನಮಸ್ಕಾರ ಮಾಡಿದರು. ಸೋತರೆ ಮುನಿಸಿಕೊಳ್ಳುವ ಮನುಷ್ಯರೇ ಅವರಾಗಿರಲಿಲ್ಲ. ಕಾಕಾ ಅಷ್ಟೆಲ್ಲ ಹೆದರಬೇಕಾಗಿಯೇ ಇರಲಿಲ್ಲ. ಅದನ್ನು ಕಂಡು ನನಗೆ ಅಳು ಬಂತು.

ಹೋದ ಚಳಿಗಾಲದಲ್ಲಿ ಕಾಕಾರನ್ನು ಮಿರಜಿನ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿಯಿತು. ಉಳಿಯುವುದಿಲ್ಲವಂತೆ, ನೋಡಿ ಬಾ ಎಂದು ಅವ್ವ ಕಳಿಸಿದಳು. ಮಂಚದಲ್ಲಿ ಹಾಳೆಯಷ್ಟು ತೆಳ್ಳಗಾಗಿ ಮಲಗಿದ್ದರು. ಮಗಳು ನನಗೆ ಸ್ಟೂಲು ಕೊಟ್ಟು ಔಷಧ ತರಲು ಹೊರಗೆ ಹೋದಳು. ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕಾಕಾ ನನ್ನ ಕಡೆ ಮುಖ ಹೊರಳಿಸಿ ಕೇಳಿದರು, "ಬೀಗರನ್ನ ಕೆಡವಿದ್ಯಂತ?"

"ಹೌದ್ರಿ ಕಾಕಾ." ಎಷ್ಟೋ ದಿನಗಳ ಮೇಲೆ ಅವರೊಡನೆ ಕನ್ನಡ ಬಾಯಿಗೆ ಬಂದಿತ್ತು.

ಅವರ ಕಣ್ಣು ಹೊಳೆದವು. ಬಿಟ್ಟುಹೋದ ಆಟದ ಆಸೆಯೆಲ್ಲ ಆ ಪ್ರಶ್ನೆಯಲ್ಲಿತ್ತು. "ಭಾಳ ಶ್ಯಾಣ್ಯಾ ಮನಶ್ಯಾ ಅಂವ. ಯಾವ ಕಡೆ ಹೊಳ್ಳಿಸಿದಿ?"

ಒಂದೇ ಮಾತಿನ ಉತ್ತರ. ಅವರಿಗಿಂತ ಚೆನ್ನಾಗಿ ಅದರ ರುಚಿ ತಿಳಿಯುವವರು ಬೇರೆ ಯಾರೂ ಇರಲಿಲ್ಲ. ಮೊದಲಿನಂತಿದ್ದರೆ ಗೆದ್ದ ದಿನವೇ ಸಾಂಗ್ಲಿಗೆ ಓಡಿಹೋಗಿ, ಅರಿಸಿನದ ಚೀಲಗಳ ನಡುವೆ ನಿಂತು ಕೈ ಆಡಿಸಿ ಆಡಿಸಿ ತೋರಿಸುತ್ತಿದ್ದೆ.

"ನೆನಪಿಲ್ರಿ" ಅಂದೆ.

ಕಾಕಾ ನನ್ನನ್ನೇ ನೋಡಿದರು. ನಾನು ಕಟ್ಟಿದ ವಿಮಾನದ ಒಂದು ತಿರುವನ್ನೂ ನಾನು ಮರೆಯುವವಳಲ್ಲ ಎಂದು ಅವರಿಗಿಂತ ಹೆಚ್ಚು ಬಲ್ಲವರಾರು? ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

"ಚಲೋ ಮಾಡಿದಿ. ಯಾರಿಗೂ ಹೇಳಬ್ಯಾಡ."

ಅದೇ ವಾರ ಅವರು ತೀರಿಕೊಂಡರು. ಬಲಕ್ಕೆ ಎಂಬ ಆ ಒಂದು ಮಾತನ್ನು ಇದನ್ನು ಬರೆಯುವವರೆಗೆ ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಿದ್ದದ್ದು ಅವರೊಬ್ಬರಿಗೇ.