ಮೂರು ಗೀರಿನ ದೋಣಿ

ನನ್ನ ಗಂಡ ಕೃಷ್ಣರಾಜ ಬಹಳ ಒಳ್ಳೆಯವರು ಎಂದು ಹೇಳುವವರು ಅವರ ಜೊತೆ ಒಂದು ವಾರ ಸಂಸಾರ ಮಾಡಿ ನೋಡಲಿ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಅವರದು ರಿವೆಟ್ ಹೊಡೆಯುವ ಕೆಲಸ. ಎರಡು ತಗಡುಗಳ ನಡುವೆ ಕೂದಲು ತೂರುವಷ್ಟು ಸಂದಿ ಕಂಡರೂ ಇಡೀ ಸಾಲನ್ನು ಕಿತ್ತು ಮತ್ತೆ ಹೊಡೆಯುವ ಮನುಷ್ಯ. ಮನೆಯಲ್ಲೂ ಅದೇ ಬುದ್ಧಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಸ್ವಲ್ಪ ಸಡಿಲವಿದ್ದರೆ ಒಲೆಯ ಮುಂದಿನಿಂದ ನನ್ನನ್ನು ಎಬ್ಬಿಸಿ ಕರೆದು ತೋರಿಸುತ್ತಿದ್ದರು.

ಕಾರ್ಖಾನೆಯ ಪಕ್ಕದಲ್ಲೇ ಕ್ವಾರ್ಟರ್ಸ್ ಸಿಗುತ್ತಿತ್ತು. ಇವರು ಬೇಡವೆಂದು ಬರೆದುಕೊಟ್ಟು, ದೇವಳಾಲಿ ಕ್ಯಾಂಪಿನಲ್ಲಿ ಪ್ರೇಮಾಬಾಯಿ ಎಂಬವರ ಹಿಂದಿನ ಮನೆಯನ್ನು ಬಾಡಿಗೆಗೆ ಹಿಡಿದರು. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಬಸ್ಸು. ಅಲ್ಲಿನ ಸೈನ್ಯದವರ ಫಿರಂಗಿ ಅಭ್ಯಾಸ ಶುರುವಾದರೆ ಅಟ್ಟದ ಮೇಲಿನ ಲೋಟಗಳು ತಾವಾಗಿಯೇ ಅಂಚಿಗೆ ಬರುತ್ತಿದ್ದವು. ಇಲ್ಲೇ ಯಾಕೆ ಎಂದು ಕೇಳಿದರೆ, "ಇಲ್ಲೊಂದು ಕೆಲ್ಸ ಇತ್ತ್" ಎಂದಷ್ಟೇ ಹೇಳಿದರು. ಆ ಕೆಲಸ ಒಂದು ದೋಣಿ. ಸಮುದ್ರ ಬಿಟ್ಟು ಇಷ್ಟು ಮೇಲೆ ಬಂದ ಮೇಲೂ ನನ್ನ ಹಣೆಯಲ್ಲಿ ದೋಣಿ ಬರೆದಿತ್ತು.

ನನ್ನ ಮಾವ ಶ್ರೀಪತಿ ಆಚಾರಿ ಗಂಗೊಳ್ಳಿಯ ದೋಣಿ ಬಡಗಿ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅವರು ಬೊಂಬಾಯಿಯಲ್ಲಿ ದೋಣಿ ಕಟ್ಟುವ ಒಂದು ಕಡೆ ಕೆಲಸಕ್ಕಿದ್ದರು. ದೇವಳಾಲಿಯ ಒಬ್ಬ ಇಂಗ್ಲಿಷ್ ಕರ್ನಲ್ ಗಾಳ ಹಾಕಿ ಮೀನು ಹಿಡಿಯುವ ಮೋಜಿಗೆಂದು ಅಲ್ಲಿ ಒಂದು ದೋಣಿ ಕಟ್ಟಲು ಹೇಳಿದ. ವಿಲಾಯಿತಿ ನಕ್ಷೆ, ನಮ್ಮ ಹೆಬ್ಬಲಸಿನ ಮರ. ಹಂಚು ಹೊದಿಸಿದ ಹಾಗೆ ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿ ತಾಮ್ರದ ಮೊಳೆಯಿಂದ ಬಿಗಿದದ್ದು, ಗಾಳದ ಕೋಲು ನಿಲ್ಲಿಸಲು ಹಿತ್ತಾಳೆಯ ಗೂಡು, ಕೂರಲು ತಿರುಗುವ ಕುರ್ಚಿ. ಅಂಥದ್ದನ್ನು ಅವರು ಅದಕ್ಕೆ ಮೊದಲೂ ಕಟ್ಟಿರಲಿಲ್ಲ, ಆಮೇಲೂ ಕಟ್ಟಲಿಲ್ಲ.

ಮೇ ತಿಂಗಳಲ್ಲಿ ದೋಣಿ ರೈಲಿನಲ್ಲಿ ದೇವಳಾಲಿಗೆ ಬಂತು, ಜೊತೆಗೆ ಮಾವನೂ ಬಂದರು. ದಾರಣಾ ಹೊಳೆಗೆ ಇಳಿಸಿದ ದಿನವೇ ಅದರೊಳಗೆ ನೀರು ತುಂಬಿತು. ಕರ್ನಲ್ಲನೂ ಅವನ ನೆಂಟರೂ ಸೊಂಟದವರೆಗೆ ತೊಯ್ದು ದಡ ಹತ್ತಿದರು. ದಡದಲ್ಲಿ ಎಲ್ಲರ ಎದುರಿಗೆ ಅವನು ಮಾವನಿಗೆ ಬೆತ್ತದಿಂದ ಬಾರಿಸಿದ. ಮಾವ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಮೇಲೆ ಗಂಗೊಳ್ಳಿಯಲ್ಲಿ ಯಾರೂ ಅವರ ಕೈಗೆ ದೋಣಿ ಕೊಡಲಿಲ್ಲ. ಬಾಗಿಲು, ತೊಟ್ಟಿಲು, ಮಣೆ ಮಾಡಿಕೊಂಡು ಬದುಕಿದರು. ಶಾಲೆಯಲ್ಲಿ ನನ್ನ ಗಂಡನ ಹೆಸರು "ಸೋರುವ ಆಚಾರಿಯ ಮಗ" ಎಂದಾಗಿತ್ತು. ಆ ದೋಣಿಯನ್ನು ಹುಡುಕಿ, ಅದೇ ಹೊಳೆಯಲ್ಲಿ, ಅಪ್ಪ ಬದುಕಿರುವಾಗಲೇ ತೇಲಿಸಿ ಆ ಹೆಸರನ್ನು ಒರೆಸಬೇಕು ಎನ್ನುವುದೊಂದೇ ಇವರ ಹಟ. ಮಾವನನ್ನು ಗಂಗೊಳ್ಳಿಯಿಂದ ಕರೆಸಿಕೊಂಡದ್ದೂ ಅದಕ್ಕೇ. ಬಂದ ಮುದುಕ ನನ್ನ ಅಡಿಗೆಗೆ ಮುಖ ಸಿಂಡರಿಸುತ್ತ ಜಗಲಿಯಲ್ಲಿ ಕೂತಿತು.

ಎರಡು ವರ್ಷದ ಭಾನುವಾರಗಳೆಲ್ಲ ಆ ದೋಣಿಯ ಪಾಲಾದವು. ಕರ್ನಲ್ ದೇಶ ಬಿಟ್ಟು ಹೋಗುವಾಗ ಅದನ್ನು ನಾಸಿಕದ ಒಬ್ಬ ಅಂಗಡಿಯವನಿಗೆ ಕೊಟ್ಟನಂತೆ. ಅಂಗಡಿಯವನ ಮಗ, ಔರಂಗಾಬಾದಿನ ಒಬ್ಬ ಗುತ್ತಿಗೆದಾರನಿಗೆ ಮಾರಿದೆವು ಎಂದ. ಗುತ್ತಿಗೆದಾರನ ಮನೆಯವರು ಬಾಗಿಲನ್ನೇ ತೆರೆಯಲಿಲ್ಲ. ಮೂರನೇ ಸಲ ಹೋದಾಗ ಕಿಟಕಿಯಿಂದ, "ಪೈಠಣದಲ್ಲಿ ನೋಡು, ಇನ್ನೊಮ್ಮೆ ಬಂದರೆ ನಾಯಿ ಬಿಡ್ತೇವೆ" ಎಂದರು.

ಪೈಠಣಕ್ಕೆ ನಾನೂ ಹೋಗಿದ್ದೆ, ಅಲ್ಲಿ ನೇಯುವ ಜರಿಯ ಸೀರೆ ಒಂದನ್ನಾದರೂ ನೋಡಬಹುದು ಎಂಬ ಆಸೆಯಿಂದ. ಸೀರೆ ನೋಡಲಿಲ್ಲ. ಹೊಳೆದಂಡೆಯ ಓಣಿಯಲ್ಲಿ ಇವರು ಒಂದು ಆಡಿನ ಕೊಟ್ಟಿಗೆಯೊಳಗೆ ನುಗ್ಗಿ ಅಂಗಾತ ಮಲಗಿಬಿಟ್ಟರು. ಕೊಟ್ಟಿಗೆಯ ಮಾಡೇ ಆ ದೋಣಿ. ಮಗುಚಿ ನಾಲ್ಕು ಕಂಬದ ಮೇಲೆ ಇಟ್ಟಿದ್ದರು. ಒಳಗಡೆ, ತಳದ ಉದ್ದಕ್ಕೂ ಹಾದ ಬೆನ್ನುಮರದ ತುದಿಯಲ್ಲಿ, ಉಳಿಯಿಂದ ಕೆತ್ತಿದ ಮೂರು ಸಣ್ಣ ಗೀರುಗಳಿದ್ದವು. ನಮ್ಮ ಮನೆಯ ಮಣೆಯ ಅಡಿಯಲ್ಲಿ, ಇವರು ಮಲಗಿ ಬೆಳೆದ ತೊಟ್ಟಿಲ ಕಾಲಿನಲ್ಲಿ ಇದ್ದದ್ದೂ ಅದೇ ಮೂರು ಗೀರು, ಮಾವನ ಗುರುತು.

ಆಡುಗಳ ಯಜಮಾನಿ ರುಕ್ಮಿಣಿಬಾಯಿ ಕೈಯಲ್ಲಿ ಒನಕೆ ಹಿಡಿದು ಬಂದಳು. "ಕೋಣ್ ಆಹೆಸ್ ರೇ ತೂ?" ಎಂದು ಶುರುಮಾಡಿ, ಯಾರೋ ನೀನು, ನನ್ನ ತಲೆಮೇಲಿನ ಮಾಡು ಕೀಳಲು ಬಂದಿದ್ದೀಯಾ, ನಿನ್ನ ಮನೆಯ ಮಾಡು ಹಾರಿ ಹೋಗಲಿ ಎಂದು ಮರಾಠಿಯಲ್ಲಿ ಬೈದಳು. ಮರುವಾರ ಇವರು ದೋಣಿಗೆ ಬದಲಾಗಿ ಎಂಟು ತಗಡಿನ ಶೀಟು ಕೊಂಡೊಯ್ದು, ತಾವೇ ರಿವೆಟ್ ಹೊಡೆದು ಅವಳಿಗೆ ಹೊಸ ಮಾಡು ಮಾಡಿಕೊಟ್ಟರು. ಅವಳು ಅದನ್ನೂ ಬೈದಳು. ಮರದ ಕೆಳಗೆ ತಂಪಾಗಿತ್ತು, ತಗಡಿನ ಕೆಳಗೆ ಆಡು ಬೇಯುತ್ತದೆ ಎಂದು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಲಾರಿಯಿಂದ ಇಳಿಸಿದಾಗ ದೋಣಿ ನೋಡಿ ನನಗೆ ಅಳು ಬಂತು, ಪ್ರೀತಿಯಿಂದಲ್ಲ. ಇಪ್ಪತ್ತು ವರ್ಷ ಬಿಸಿಲು ಕುಡಿದ ಹಲಗೆಗಳ ನಡುವೆ ನನ್ನ ಬೆರಳು ಹೋಗುತ್ತಿತ್ತು. ಮಾವ ಜಗಲಿಯಿಂದ ಇಳಿಯಲಿಲ್ಲ. ಇವರು, "ಅಪ್ಪಯ್ಯ, ನಿಮ್ಮ ದೋಣಿ" ಎಂದರು. ಮಾವ ಎಲೆಗೆ ಸುಣ್ಣ ಹಚ್ಚುತ್ತ ಇದ್ದವರು ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಸುಣ್ಣ ಹಚ್ಚಿದರು.

ಆಮೇಲಿನ ಏಳು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಗಂಗೊಳ್ಳಿಯಿಂದ ಡಬ್ಬಿಯಲ್ಲಿ ಮೀನೆಣ್ಣೆ ತರಿಸಿ ಹಲಗೆಗೆ ಬಳಿದರು. ಉಪವಾಸದ ಏಕಾದಶಿಯ ದಿನ ಅದರ ನಾತ ಪ್ರೇಮಾಬಾಯಿಯ ದೇವರ ಕೋಣೆಗೆ ಹೋಯಿತು. ಆಕೆ ಮೂಗಿಗೆ ಸೆರಗು ಹಿಡಿದು ಬಂದು, "ಗುಣವತಿಬಾಯಿ, ನಾನು ಮನೆ ಕೊಟ್ಟದ್ದು ಮನುಷ್ಯರಿಗೆ. ಇದೇನು ಮೀನು ಬಾಜಾರಾ?" ಎಂದರು. ಅಂದಿನಿಂದ ನಮಗೆ ಬಾವಿಯ ಹಗ್ಗ ಇಲ್ಲ. ನಾನು ಬೀದಿ ನಲ್ಲಿಯಿಂದ ನೀರು ಹೊತ್ತೆ. ಕ್ಯಾಂಪಿನ ಹೆಂಗಸರು ನಾನು ಬಂದರೆ ಸಾಲು ಬಿಟ್ಟು ನಿಲ್ಲುತ್ತಿದ್ದರು. ಇವರಿಗೆ ಇದ್ಯಾವುದೂ ಕಾಣಿಸಲಿಲ್ಲ. ವಿಮಾನಕ್ಕೆ ಹೊಡೆಯುವ ಹಾಗೆ ಒಂದೊಂದೇ ತಾಮ್ರದ ಮೊಳೆಯನ್ನು ಬಿಗಿದರು, ಪ್ರತಿ ಸಂದಿಗೂ ಹತ್ತಿ ತುರುಕಿ ರಾಳ ಎರೆದರು. ಕೊನೆಗೆ ಬ್ಲೇಡಿನ ಅಂಚು ಕೂಡ ಎಲ್ಲೂ ಒಳಗೆ ಹೋಗಲಿಲ್ಲ. ಮಾವ ದಿನವಿಡೀ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ಒಂದು ಸಲ ಹತ್ತಿ ತುರುಕುವಾಗ ಮಾತ್ರ ಎದ್ದು, ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಮುದುಕನಿಗೆ ಮಗನ ಕೆಲಸ ನೋಡಿ ಹೊಟ್ಟೆಕಿಚ್ಚು ಎಂದುಕೊಂಡೆ ನಾನು.

ಎಪ್ಪತ್ತರ ಫೆಬ್ರವರಿಯಲ್ಲಿ ದೋಣಿಯನ್ನು ದಾರಣಾಕ್ಕೆ ಇಳಿಸಿದರು. ಒಳಗೆ ಒಂದು ಹನಿ ಬರಲಿಲ್ಲ. ಇವರು ನಕ್ಕದ್ದನ್ನು ನಾನು ಮದುವೆಯ ನಂತರ ಅಂದೇ ನೋಡಿದ್ದು. "ನೋಡಿ ಅಪ್ಪಯ್ಯ" ಎಂದರು. ಮಾವ, "ನಾಳೆ ನೋಡುವ" ಎಂದರು. ನನಗೆ ಆ ಮುದುಕನನ್ನು ಹೊಳೆಗೆ ನೂಕುವಷ್ಟು ಸಿಟ್ಟು ಬಂತು.

ಮರುದಿನ ಮಧ್ಯಾಹ್ನ ನಾವು ದಡದಲ್ಲಿ ಬುತ್ತಿ ಬಿಚ್ಚಿದ್ದೆವು. ರಾತ್ರಿಯಿಡೀ ನೀರಲ್ಲೇ ಇದ್ದ ದೋಣಿಯೊಳಗಿಂದ ಎಲುಬು ಮುರಿದ ಹಾಗೆ ಶಬ್ದ ಬಂತು. ಮತ್ತೊಂದು, ಇನ್ನೊಂದು. ನೀರು ಕುಡಿದು ಉಬ್ಬಿದ ಹಲಗೆಗಳು ಒಂದನ್ನೊಂದು ನೂಕಿ, ಒಳಗಿನ ಪಕ್ಕೆಗಳನ್ನು ಮುರಿದು, ಮೊಳೆಯ ಸಾಲಿನುದ್ದಕ್ಕೂ ಸೀಳಿಕೊಂಡವು. ನೀರು ನುಗ್ಗಿತು.

ಇವರು ಮೊಣಕಾಲು ನೀರಲ್ಲಿ ನಿಂತು, ಅಪ್ಪನ ಕಡೆ ತಿರುಗಿ, "ದೊರೆ ಸುಮ್ನೆ ಹೊಡೀಲಿಲ್ಲ. ದೋಣಿಯೇ ಸಮ ಇಲ್ಲ" ಎಂದರು.

ಮೂವತ್ತೆರಡು ವರ್ಷದ ಮೇಲೆ ಅದೇ ದಡದಲ್ಲಿ ಮಾವನಿಗೆ ಬಿದ್ದ ಎರಡನೇ ಏಟು ಅದು. ಅವರು ಕೂಗಾಡಲಿಲ್ಲ.

"ರೈಲಲ್ಲಿ ಎಂಟ್ ದಿನ, ಬಿಸಿಲಲ್ಲಿ ನಾಕ್ ದಿನ, ಮರ ಒಣಗಿತ್ತ್" ಎಂದರು. "ಮೂರ್ ದಿನ ನೀರಲ್ಲಿ ಮುಳುಗಿಸಿ ಇಡಿ, ಹಲಗೆ ಉಬ್ಬಿ ತನ್ನಷ್ಟಕ್ಕೇ ಕೂಡ್ತ್ ಅಂದೆ. ನೆಂಟ್ರ್ ಬಂದಿದ್ರ್, ದೊರೆಗೆ ಪುರ್ಸೊತ್ತಿಲ್ಲ. ಉಬ್ಬೂಕೆ ಜಾಗ ಬೇಕ್ ಅಂದೇ ನಾ ಸಂದಿ ಬಿಟ್ಟದ್. ನೀ ಅದನ್ನ ಮುಚ್ಚಿದೆ."

"ಇಷ್ಟ್ ವರ್ಷ ನಂಗೆ ಎಂತಕೆ ಹೇಳ್ಲಿಲ್ಲ?"

"ನೀ ಕೇಂಡ್ಯಾ? ದೋಣಿ ಹುಡುಕಿದೆ, ಎಣ್ಣೆ ತರ್ಸಿದೆ, ಮೊಳೆ ಬಡ್ದೆ. ಅಪ್ಪಯ್ಯ, ಅವತ್ತ್ ನೀರ್ ಎಂತಕೆ ಬಂತ್ ಅಂದ್ ಒಂದ್ ದಿನ ಕೇಂಡ್ಯಾ? ನೀ ಹತ್ತಿ ತುರ್ಕುವತ್ತಿಗೇ ನಂಗೆ ಗೊತ್ತಾಯ್ತ್. ನಾ ಕಟ್ಟಿದ್ದ್ ಸೋರ್ತ್ ಅಂದ್ ನಂಬಿದವ ನೀನೂ. ದೊರೆಯೂ ಒಂದೇ, ನೀನೂ ಒಂದೇ."

ನಾನೂ ಕೇಳಿರಲಿಲ್ಲ. ಗಂಗೊಳ್ಳಿಯಲ್ಲೂ ಇಲ್ಲೂ ಸೇರಿ ಹತ್ತು ವರ್ಷ ಅವರಿಗೆ ಗಂಜಿ ಬಡಿಸಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಕೈಯಲ್ಲಿದ್ದ ತುತ್ತನ್ನು ಮತ್ತೆ ಬುತ್ತಿಗೇ ಹಾಕಿದೆ.

ಮುರಿದ ದೋಣಿ ಮತ್ತೆ ಅಂಗಳಕ್ಕೆ ಬಂತು. ಈ ಸಲ ಮಾವ ದೋಣಿಯ ಪಕ್ಕದಲ್ಲೇ ಮಣೆ ಹಾಕಿ ಕೂತರು. ಒಂದು ಒಳ್ಳೆಯ ಮಾತಿಲ್ಲ. "ತೆಗಿ", "ಸಡಿಲ ಬಿಡು", "ನಿಂಗೆ ಉಳಿ ಹಿಡಿಯೂಕೆ ಬತ್ತಿಲ್ಲ", ಇಷ್ಟೇ. ಇವರು ಏಳು ತಿಂಗಳು ತುರುಕಿದ ಹತ್ತಿಯನ್ನೆಲ್ಲ ಕೊಕ್ಕೆಯಿಂದ ಎಳೆದು ತೆಗೆದರು, ತಾವೇ ಬಿಗಿದ ಮೊಳೆಗಳನ್ನು ಕಿತ್ತರು, ಹೊಸ ಪಕ್ಕೆ ಕೂರಿಸಿದರು, ಕರ್ನಲ್ಲನದರ ಹಾಗೆಯೇ ತಿರುಗುವ ಕುರ್ಚಿಯೊಂದನ್ನು ಮಾಡಿ ಇಟ್ಟರು. ಸಂದಿ ಬಿಟ್ಟು ಕೆಲಸ ಮಾಡುವುದು ಇವರಿಗೆ ಚರ್ಮ ಸುಲಿದಷ್ಟು ಕಷ್ಟವಾಗುತ್ತಿತ್ತು. ನನಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ನವೆಂಬರಿನಲ್ಲಿ ದೋಣಿಗೆ ಕಲ್ಲು ತುಂಬಿ ದಾರಣಾದಲ್ಲಿ ಮುಳುಗಿಸಿದರು. ನೋಡಲು ಬಂದ ಕ್ಯಾಂಪಿನ ಜನ ನಕ್ಕರು. ಪ್ರೇಮಾಬಾಯಿಯೂ ಬಂದು, ಇಷ್ಟು ನಾತ ಹಬ್ಬಿಸಿದ್ದು ಮುಳುಗಿಸಲಿಕ್ಕೇನು ಎಂದರು. ಮೂರು ದಿನ ಇವರು ರಜೆ ಹಾಕಿ ದಡದಲ್ಲಿ ಕೂತರು. ನಾಲ್ಕನೆಯ ದಿನ ಕಲ್ಲು ಎತ್ತಿ, ಬಕೆಟ್ಟಿನಿಂದ ನೀರು ಮೊಗೆದು ಹಾಕಿ, ಬಟ್ಟೆಯಿಂದ ತಳ ಒರೆಸಿದರು. ಒಂದು ಗಂಟೆ ಕಾದೆವು, ಎರಡು ಗಂಟೆ ಕಾದೆವು. ತಳ ಒಣಗಿಯೇ ಇತ್ತು. ಹಲಗೆಗಳು ಎಲ್ಲಿ ಕೂಡಿವೆ ಎಂದು ಹುಡುಕಬೇಕಾಗಿತ್ತು.

ಇವರು ಮಾವನ ಮುಂದೆ ಬಂದು ಕೈ ಚಾಚಿದರು. "ದೋಣಿ ಹತ್ತಿ ಅಪ್ಪಯ್ಯ. ನಿಮ್ಗೋಸ್ಕರವೇ ಮಾಡಿದ್ದ್."

ಮಾವ ಆ ಕೈ ಹಿಡಿಯಲಿಲ್ಲ. "ಅದ್ ತೇಲ್ತ್ ಅಂದ್ ನಂಗೆ ಅವತ್ತೇ ಗೊತ್ತಿತ್ತ್" ಎಂದರು. "ಗೊತ್ತಿಲ್ದವ ನೀನ್. ನೀ ಹೋಯಿ ಕೂಕೊ."

ನನ್ನ ಗಂಡ ಒಬ್ಬರೇ ಹೋಗಿ ಆ ತಿರುಗುವ ಕುರ್ಚಿಯಲ್ಲಿ ಕೂತರು. ಮಾವ ದಡದಲ್ಲಿ ಎಲೆಗೆ ಸುಣ್ಣ ಹಚ್ಚಿದರು. ಹೊತ್ತು ಇಳಿಯುವವರೆಗೂ ಇವರು ಬಗ್ಗಿ ಬಗ್ಗಿ ಅಂಗೈಯನ್ನು ತಳಕ್ಕೆ ಒತ್ತಿ, ಮೇಲೆ ತಂದು ನೋಡುತ್ತಿದ್ದರು, ಮತ್ತೆ ಒತ್ತುತ್ತಿದ್ದರು.