ಅಕ್ಕ ನಿಲ್ಲಿಸಿದ ನಲ್ಲಿ

“ಅದೇನೇ, ನಲ್ಲಿಗಳನ್ನೆಲ್ಲ ತೊಟ್ಟಿಕ್ಕೋಕೆ ಬಿಟ್ಟು ಮಲಗಿದ್ರಿ? ಎಲ್ಲಾ ನಾನೇ ಬಿಗಿಯಾಗಿ ನಿಲ್ಸಿದೆ,” ಎಂದು ಮೈಸೂರಿನಿಂದ ಬಂದಿದ್ದ ಅಕ್ಕ ಹೆಮ್ಮೆಯಿಂದ ಹೇಳಿದಾಗ, ನಾನು ಕಾಫಿಗೆ ನೀರು ಹಿಡಿಯಲು ಹೋಗಿ, ನಲ್ಲಿಯಲ್ಲಿ ಹನಿಯೂ ಬಾರದೆ ಖಾಲಿ ಪಾತ್ರೆಯೊಂದಿಗೆ ನಿಂತಿದ್ದೆ. ಅಮೆರಿಕದ ನಮ್ಮ ಈ ರಿಚರ್ಡ್‌ಸನ್‌ನಲ್ಲಿ ಫ್ರೀಜ್ ಆಗುವ ರಾತ್ರಿ, ಪೈಪಿನೊಳಗೆ ನೀರು ಹೆಪ್ಪುಗಟ್ಟದಿರಲೆಂದು ನಲ್ಲಿಗಳನ್ನು ಸಣ್ಣಗೆ ಬಿಟ್ಟಿರುತ್ತೇವೆ. ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಕಾನ್ವೆಂಟಿಗೆ ಹೋಗುತ್ತಿದ್ದಾಗ, ಬೀದಿ ನಲ್ಲಿಯಿಂದ ಮನೆಗೆಲ್ಲ ನೀರು ಹೊತ್ತವಳು ಅವಳು.

ಮಧ್ಯಾಹ್ನ ಬಿಸಿಲಿಗೆ ಪೈಪಿನೊಳಗಿನ ಐಸ್ ಕರಗಿದ್ದೇ ತಡ, ಬಿರುಕು ಬಿಟ್ಟಿದ್ದ ಪೈಪಿನಿಂದ ನೀರು ಸುರಿದು ಲಿವಿಂಗ್ ರೂಮಿನ ಕಾರ್ಪೆಟ್ಟೆಲ್ಲ ತೊಯ್ದುಹೋಯಿತು. ಮೇನ್ ವಾಲ್ವ್ ಮುಚ್ಚಿ ಬಂದ ನಮ್ಮವರು, “ಅತ್ತಿಗೆ, ಉಳಿಸಿದ ನೀರನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಟ್ರಲ್ಲ!” ಎಂದರು. ಎಲ್ಲರೂ ನಕ್ಕೆವು. ಮಂಡಿಯೂರಿ ಟವೆಲ್‌ನಿಂದ ನೀರು ಒತ್ತುತ್ತಿದ್ದ ಅಕ್ಕನೂ ನಕ್ಕಳು.

ಪೈಪ್ ರಿಪೇರಿಯಾದ ಮೇಲೆ, ಅಕ್ಕ ಲೋಟ ಹಿಡಿದು ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದಳು.

“ನೀರು ಕುಡೀಬೇಕಿತ್ತು. ಈ ನಲ್ಲಿ ತಿರುಗಿಸ್ಲೇನಮ್ಮಾ?”

“ಇದೇನಕ್ಕಾ, ನಿನ್ನದೇ ಮನೆ,” ಎಂದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸೆಲ್ಲ ಸೇರಿಸಿದರೂ ಅದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ. ಊರಿಗೆ ಹೊರಡುವವರೆಗೂ ಅವಳು ಕೇಳಿಯೇ ನಲ್ಲಿ ಮುಟ್ಟಿದಳು.

ಅಕ್ಕ ಮತ್ತೆ ಬರಲಿಲ್ಲ. ಈಗ ಅವಳೇ ಇಲ್ಲ. ಚಳಿ ಬಿದ್ದಾಗ ನಾನು ಇಂದಿಗೂ ನಲ್ಲಿಗಳನ್ನು ಸಣ್ಣಗೆ ಬಿಟ್ಟು ಮಲಗುತ್ತೇನೆ. ಅವಳು ಎದ್ದು ಬಂದು, ಯಾರನ್ನೂ ಕೇಳದೆ, ಎಲ್ಲವನ್ನೂ ಬಿಗಿಯಾಗಿ ನಿಲ್ಲಿಸಿಬಿಡಬಾರದೇ ಅನ್ನಿಸುತ್ತದೆ.