ಬೀಗರು ನೋಡಿದ ಬದು

"ಸರ್, ಈ ರವಿವಾರ ತಪ್ಪಿಸಬ್ಯಾಡ್ರಿ. ನೀವು ಬರ್ತೀರಂತ ಬದುವೆಲ್ಲಾ ಸ್ವಚ್ಛ ಮಾಡಸೀನಿ."

ಅಪ್ಪಾಸಾಹೇಬ ಕಾಕಾ ಫೋನಿನಲ್ಲಿ ಹೀಗೆಂದರು. ಹುಳುಗಳ ಫೋಟೋ ತೆಗೆಯುವವನಿಗೆ 'ಸ್ವಚ್ಛ' ಎನ್ನುವುದಕ್ಕಿಂತ ಕೆಟ್ಟ ಸುದ್ದಿ ಉಂಟೇ?

ಕಾಕಾ ನಿಮಗೆ ಗೊತ್ತಿರುವವರೇ. ಏಕಸಂಬಿ ಕಡೆಯ ಕಬ್ಬಿನ ರೈತರು. ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಅವರ ಹೊಲದ ಬದುವಿನ ಬಗ್ಗೆ ಬರೆದಿದ್ದೆ, ಫೋಟೋ ಸಮೇತ. ಎಕ್ಕೆ ಗಿಡಗಳು, ಕೊಳೆತ ಬೇಲಿಗೂಟದ ಮೇಲೆ ಅಂಗಿಯ ಗುಂಡಿಯಷ್ಟು ಅಣಬೆಗಳು, ಹೆಸರು ಗೊತ್ತಿಲ್ಲದ ನೀಲಿ ಹೂಗಳು. ಒಂದು ಎಕ್ಕೆ ಕಡ್ಡಿಗೆ ಮುಂಗಾಲು ಜೋಡಿಸಿ ಕೈ ಮುಗಿದಂತೆ ಕೂರುವ ಸೂರ್ಯನ ಕುದುರೆ ಹುಳದ ಮೊಟ್ಟೆಗೂಡು ಅಂಟಿಕೊಂಡಿತ್ತು. ನೋಡಲು ಒಣಗಿದ ಸಾಬೂನಿನ ನೊರೆಯಂತೆ.

ಆ ಗೂಡು ಒಡೆದರೆ ಮರಿಗಳೆಲ್ಲ ಒಟ್ಟಿಗೇ ಹೊರಬಂದು ಸಣ್ಣ ಎಳೆಗಳಲ್ಲಿ ಜೋತಾಡುತ್ತವೆ. ಆ ಗಳಿಗೆಯ ಫೋಟೋಗಾಗಿ ನಾನು ವರ್ಷಗಳಿಂದ ಕಾಯುತ್ತಿದ್ದೇನೆ. ಮ್ಯಾಕ್ರೋ ಲೆನ್ಸ್ ಕೊಂಡದ್ದೇ ಅದಕ್ಕೆ. (ಮನೆಯಲ್ಲಿ ಮಾತ್ರ ಮದುವೆ ಫೋಟೋಗಳಿಗೆ ಎಂದು ಹೇಳಿದ್ದೇನೆ.) ಕಾಕಾಗೂ ಅದರ ಹುಚ್ಚು ಹತ್ತಿತ್ತು. ದಿನಾ ನೀರು ಬಿಡಲು ಹೋದಾಗ ನೋಡಿ ಬಂದು ಫೋನ್ ಮಾಡುತ್ತಿದ್ದರು. "ಇನ್ನೂ ಹಂಗ ಐತ್ರಿ."

ಕಳೆದೆರಡು ಭಾನುವಾರ ಹೋಗಲಾಗಲಿಲ್ಲ. ಈ ಭಾನುವಾರ ಚಿಕ್ಕೋಡಿಯಿಂದ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆ.

ಬದು ಕರ್ರಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಬೂದಿ. ಬೇಲಿಗೂಟವೂ ಇರಲಿಲ್ಲ.

"ಎಣ್ಣಿ ಹೊಡಿಸಿ, ಒಣಗಿದ ಮ್ಯಾಲ ರವದಿ ಹರವಿ ಬೆಂಕಿ ಹಚ್ಚಿದ್ವಿ" ಎಂದರು ಕಾಕಾ. (ಕಳೆನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ರವದಿ ಎಂದರೆ ಕಬ್ಬಿನ ಒಣ ಸೋಗೆ.)

"ಯಾಕ್ರಿ ಕಾಕಾ?"

"ಪೇಪರ್ ನೋಡಿ ಕಾಗವಾಡದ ಬೀಗರು ಫೋನ್ ಹಚ್ಚಿದ್ರು. 'ಏನ್ರಿ, ನಿಮ್ಮ ಹೊಲದಾಗಿನ ಕಸ ಪೇಪರ್‌ದಾಗ ಬಂದೈತಲ್ಲ, ಆಳು ಸಿಗವಲ್ರೇನು?' ಅಂದ್ರು. ಮಗಳನ್ನ ಕೊಟ್ಟ ಮನಿರೀ. ಮುಖಾ ಎಲ್ಲಿ ಇಟ್ಕೊಳ್ಳಲಿ?"

ಸಿಟ್ಟು ಬಂತು. ಬೀಗರ ಮೇಲೆ ಬಂತು. ಸುಳ್ಳೇಕೆ ಹೇಳಲಿ, ಕಾಕಾ ಮೇಲೂ ಬಂತು. ಆದರೆ ಕಾಕಾ ಒಬ್ಬರೇ ಏನು? ನಮ್ಮ ಕಾಲೊನಿಯಲ್ಲಿ ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸಿ, ಸಂದಿಯಲ್ಲಿ ಚಿಗುರಿದ ಹುಲ್ಲಿಗೂ ಎಣ್ಣಿ ಹೊಡೆಯುವವರಿದ್ದಾರೆ. ಮರುದಿನ ಅವರೇ ವಾಟ್ಸಾಪ್‌ನಲ್ಲಿ ಚಿಟ್ಟೆಯ ಗುಡ್ ಮಾರ್ನಿಂಗ್ ಕಳಿಸುತ್ತಾರೆ. ನನ್ನ ಅಂಕಣ ಓದಿ 'ಸೂಪರ್ ಸರ್' ಎಂದವರಲ್ಲೊಬ್ಬರು, ಆ ಹುಳಕ್ಕೆ ಯಾವ ಎಣ್ಣಿ ಹೊಡೆಯಬೇಕು ಎಂದೂ ಕೇಳಿದ್ದರು. ನಮಗೆ ಫೋಟೋ ಬೇಕು. ಹುಳ ಯಾರಿಗೆ ಬೇಕು?

"ಗೂಡೂ ಹೋತೇನ್ರಿ?" ಎಂದೆ.

"ಅದನ್ನ ಬಿಡ್ತೀನೇನ್ರಿ? ಬೆಂಕಿ ಹಚ್ಚೂ ಮೊದಲ ಕಡ್ಡಿ ಮುರದು ತಂದು ಇಟ್ಟೀನಿ" ಎಂದು ಕಾಕಾ ಹೆಮ್ಮೆಯಿಂದ ಮನೆಗೆ ಕರೆದೊಯ್ದರು. ಅವರ ಹೆಂಡತಿ ಕಾಕು ಚುರುಮುರಿ, ಚಹಾ ತಂದಿಟ್ಟು, ಕಿಟಕಿಯ ಮೇಲಿನ ಉಪ್ಪಿನಕಾಯಿ ಬಾಟಲಿ ಇಳಿಸಿ ನನ್ನ ಕೈಗಿತ್ತರು. ಮುಚ್ಚಳ ಬಿಗಿಯಾಗಿತ್ತು.

"ನಿನ್ನೆ ಹೊರಗ ಬಂದಾವ ನೋಡ್ರಿ. ಓಡಿ ಹೋಗಬಾರದಂತ ಗಟ್ಟಿ ಮುಚ್ಚೀನಿ" ಎಂದರು ಕಾಕಾ.

ಮರಿಗಳು ತಳದಲ್ಲಿ ಜೀರಿಗೆ ಚೆಲ್ಲಿದಂತೆ ಬಿದ್ದಿದ್ದವು. ವರ್ಷಗಟ್ಟಲೆ ಕಾದ ಗಳಿಗೆ ಉಪ್ಪಿನಕಾಯಿ ಬಾಟಲಿಯಲ್ಲಿ ಮುಗಿದಿತ್ತು. ಕಡ್ಡಿಯ ಮೇಲೆ ನಾಲ್ಕು ಮಾತ್ರ ಇನ್ನೂ ಅಲುಗಾಡುತ್ತಿದ್ದವು. ಮುಚ್ಚಳ ತಿರುವಿ ತೆಗೆದೆ.

ನನ್ನ ಮುಖ ನೋಡಿ ಕಾಕಾಗೆ ಏನೋ ತಪ್ಪಾಗಿದೆ ಎನಿಸಿರಬೇಕು. ಆದರೂ ಹೊರಡುವಾಗ ಮೆಲ್ಲಗೆ ಕೇಳಿದರು. "ಸರ್, ಈಗ ಬದುವಿಂದು ಒಂದು ಫೋಟೋ ಹೊಡೀರಿ. ಪೇಪರ್‌ದಾಗ ಹಾಕ್ರಿ. ಬೀಗರು ನೋಡ್ಲಿ."

ಹೊಡೆದೆ. ಮಗಳನ್ನು ಕೊಟ್ಟ ಮನುಷ್ಯನಿಗೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಚಿಕ್ಕೋಡಿಯವರೆಗೂ ಎರಡೂ ಬದಿ ನೋಡುತ್ತಾ ಬಂದೆ. ಎಲ್ಲರ ಬದುವೂ ಕಾಕಾನ ಬದುವಿನಷ್ಟೇ ಸ್ವಚ್ಛ. ಇದನ್ನು ಬರೆಯುವಾಗ ಬಾಟಲಿ ನನ್ನ ಮೇಜಿನ ಮೇಲಿದೆ, ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೇನೆ.

ಕಾಗವಾಡದ ಬೀಗರೇ, ಸ್ವಚ್ಛ ಬದುವಿನ ಫೋಟೋ ಮೇಲೆ ಅಚ್ಚಾಗಿದೆ, ಕಣ್ತುಂಬ ನೋಡಿ. ಇನ್ನು ಈ ನಾಲ್ಕು ಮರಿಗಳನ್ನು ಬಿಡಲು ನಿಮ್ಮ ಹೊಲದಲ್ಲಿ ಒಂದು ಹಿಡಿ ಕಸವಾದರೂ ಉಳಿದಿದೆಯೇ?